ಮನೆಗೆ ಬಂದ ವಸ್ತು: ಮುಖಕಾಂತಿಯ ಶೀಶೆ

ಈ ಅಂಕಣದ ವಾಚಕರಲ್ಲಿ ಮೂವರು ಗೃಹಿಣಿಯರೂ ಒಬ್ಬ ಗೃಹಸ್ಥರೂ ಕಳೆದ ಎರಡು ತಿಂಗಳುಗಳಲ್ಲಿ ಹೆಚ್ಚುಕಡಮೆ ಒಂದೇ ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಔಷಧದಂಗಡಿಗಳಲ್ಲಿಯೂ ಸೌಂದರ್ಯಸಾಧನಗಳ ಅಂಗಡಿಗಳಲ್ಲಿಯೂ ಈಚಿನ ವರ್ಷಗಳಲ್ಲಿ “ವಿಟಮಿನ್ ಸಿ ಸೀರಂ” ಎಂಬ ಹೆಸರಿನ ಪುಟ್ಟ ಶೀಶೆಯೊಂದು ಎಲ್ಲೆಲ್ಲಿಯೂ ಕಾಣಬರುತ್ತಿರುವುದಷ್ಟೆ. ಅದನ್ನು ನಿತ್ಯವೂ ಹಚ್ಚಿಕೊಂಡರೆ ಮುಖವು ಬೆಳಗುವುದೆಂದು ಅದರ ಮೇಲಣ ಬರಹವು ಸಾರುತ್ತದೆ. ಇದು ನಿಜವೇ? ಮನೆಯ ಹೆಣ್ಣುಮಕ್ಕಳು ಕೇಳಿದರೆ ತಂದುಕೊಡಬಹುದೇ? ಕೊಟ್ಟ ಹಣಕ್ಕೆ ತಕ್ಕ ಫಲವುಂಟೇ? ಇವು ಅವರ ಪ್ರಶ್ನೆಗಳು. ಗೃಹಸ್ಥರ ಪತ್ರದಲ್ಲಿ ಇನ್ನೊಂದು ವಿಶೇಷವಾದ ಪ್ರಶ್ನೆಯಿರುವುದು. ಅದನ್ನು ಕಡೆಯಲ್ಲಿ ನೋಡೋಣ.

ನಾವು ವೈದ್ಯರಲ್ಲ, ಬಹುಕಾಲ ಹುಡುಗರಿಗೆ ವ್ಯಾಕರಣವನ್ನೂ ಕಾವ್ಯವನ್ನೂ ಹೇಳಿ ವಿಶ್ರಾಂತಿ ಪಡೆದಿರುವವರು. ಆದರೂ ಶೀಶೆಯ ಮೇಲಿನ ಚೀಟಿಯೆಂಬುದೂ ಒಂದು ವಾಕ್ಯಸಮೂಹವೇ ಆದಕಾರಣ, ಅದಕ್ಕೆ ಪದಚ್ಛೇದ ಮಾಡಿ ಅನ್ವಯ ಹೇಳುವಷ್ಟು ಅಧಿಕಾರವು ನಮಗುಂಟೆಂದು ಭಾವಿಸಿರುವೆವು. ಪದಾರ್ಥವಿಜ್ಞಾನಕ್ಕೆ ಸಂಬಂಧಪಟ್ಟ ಭಾಗವನ್ನು ಮಾತ್ರ, ಹಿಂದೆ ನಮ್ಮಲ್ಲಿ ಓದಿ ಈಗ ಚರ್ಮವೈದ್ಯರಾಗಿರುವ ಮಹನೀಯರೊಬ್ಬರನ್ನು ಕೇಳಿ, ಅವರು ಕೊಟ್ಟ ಲೇಖನಗಳನ್ನು ಓದಿ ತಿಳಿದುಕೊಂಡೆವು.

ಮೊದಲು ಹೆಸರನ್ನೇ ನೋಡೋಣ. “ಸೀರಂ” ಎಂಬುದು ಲ್ಯಾಟಿನ್ ಶಬ್ದ. ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿಗೆ ಆ ಭಾಷೆಯಲ್ಲಿ ಈ ಹೆಸರು. ಮೊಸರಿನ ತಿಳಿಗೆ ನಮ್ಮ ಸಂಸ್ಕೃತದಲ್ಲಿ ಮಸ್ತು ಎನ್ನುವರು. ವೈದ್ಯರು ಆ ಶಬ್ದವನ್ನು ರಕ್ತದ ತಿಳಿಭಾಗಕ್ಕೆ ಉಪಯೋಗಿಸಿದರು. ಸೌಂದರ್ಯಸಾಧನಗಳನ್ನು ಮಾಡತಕ್ಕವರು ಅದನ್ನು ಎರವಲು ತಂದು, ಮುಲಾಮಿನಷ್ಟು ಗಟ್ಟಿಯಲ್ಲದ ತೆಳುದ್ರಾವಣಗಳಿಗೆ ಇಟ್ಟುಕೊಂಡಿರುವರು. ಆದುದರಿಂದ ಸೀರಂ ಎಂಬ ಹೆಸರಿನಲ್ಲಿ ಔಷಧದ ವಾಸನೆಯಿರುವುದೇ ಹೊರತು ಔಷಧತ್ವವಿಲ್ಲ. ೧೯೪೦ನೆಯ ಇಸವಿಯ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾನೂನಿನ ಪ್ರಕಾರ, ಶುಚಿಗೊಳಿಸುವುದಕ್ಕೂ, ಚೆಲುವನ್ನು ಹೆಚ್ಚಿಸುವುದಕ್ಕೂ, ಕಾಣಿಕೆಯನ್ನು ಮಾರ್ಪಡಿಸುವುದಕ್ಕೂ ಹಚ್ಚತಕ್ಕವುಗಳು ಪ್ರಸಾಧನಗಳು. ರೋಗವನ್ನು ಗುಣಪಡಿಸತಕ್ಕವುಗಳು ಔಷಧಗಳು. ಈ ಭೇದವನ್ನು ಬಲ್ಲ ಚೀಟಿಯ ಬರಹಗಾರನು ಬಹು ಜಾಗರೂಕನಾಗಿರುತ್ತಾನೆ. ನಮ್ಮ ಕೈಗೆ ಬಂದ ಶೀಶೆಯೊಂದರ ಮೇಲೆ “ಕಲೆಗಳನ್ನು ಕಡಮೆಮಾಡುತ್ತದೆ” ಎಂದು ಬರೆದಿಲ್ಲ. “ಕಲೆಗಳು ಕಡಮೆಯಾಗಿ ಕಾಣುವುದಕ್ಕೆ ಸಹಾಯಮಾಡುತ್ತದೆ” ಎಂದು ಬರೆದಿದೆ. ಪ್ರಧಾನಕ್ರಿಯೆ ಯಾವುದು? ಸಹಾಯಮಾಡುವುದು. ಯಾವುದಕ್ಕೆ ಸಹಾಯ? ಕಾಣುವುದಕ್ಕೆ. ಹುಡುಗರು ಪರೀಕ್ಷೆಯಲ್ಲಿ ಇಂತಹ ವಾಕ್ಯವನ್ನು ಬರೆದಿದ್ದರೆ ಉತ್ತರವು ಗೊತ್ತಿಲ್ಲದೆ ಬರೆದರೆಂದು ನಾವು ತಿಳಿಯುತ್ತಿದ್ದೆವು. ಇಲ್ಲಿ ಹಾಗಲ್ಲ, ಉತ್ತರವು ಚೆನ್ನಾಗಿ ಗೊತ್ತಿದ್ದೇ ಬರೆದಿರುವುದು.

ಇನ್ನು “ಬೆಳಗು” ಎಂಬ ಮಾತಿನ ವಿಚಾರ. ನಮ್ಮ ದೇಶದಲ್ಲಿ ೧೯೭೫ರಿಂದ “ಫೇರ್ ಅಂಡ್ ಲವ್ಲಿ” ಎಂಬ ಲೇಪವು ಮಾರಾಟವಾಗುತ್ತಿದ್ದುದನ್ನು ವಾಚಕರು ಬಲ್ಲರು. ಕಪ್ಪು ಬಣ್ಣದವರನ್ನು ಹೀನರೆಂದು ತೋರಿಸುವ ಜಾಹೀರಾತುಗಳು ಕೂಡದೆಂದು ಜಾಹೀರಾತುದಾರರ ಸ್ವಂತ ಮಂಡಲಿಯೇ ೨೦೧೪ರಲ್ಲಿ ನಿಯಮ ಮಾಡಿತು. ೨೦೨೦ರಲ್ಲಿ ಆ ಲೇಪದ ಹೆಸರಿನಿಂದ “ಫೇರ್” ಹೋಗಿ “ಗ್ಲೋ” ಬಂದಿತು. ಬಿಳುಪೆಂಬ ಮಾತನ್ನು ಈಗ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕಾಂತಿ, ಹೊಳಪು, ಬೆಳಕು ಎನ್ನುವರು. ಮಾತು ಬದಲಾದುದು ಒಳ್ಳೆಯದೇ. ಆದರೆ ಮಾರುವವನು ಕಾಂತಿ ಎಂದರೆ ಕೊಳ್ಳುವವರು ಬಿಳುಪು ಎಂದು ಕೇಳಿಸಿಕೊಳ್ಳುವರು. ಆ ಎರಡರ ನಡುವಣ ಸಂದಿಯಲ್ಲಿಯೇ ಶೀಶೆಯ ವ್ಯಾಪಾರವೆಲ್ಲವೂ ನಡೆಯುತ್ತಿರುವುದು. ಅಮರಸಿಂಹನು ಕಾಂತಿಯನ್ನು ಶೋಭೆ, ದ್ಯುತಿ ಮುಂತಾದವುಗಳ ಸಾಲಿನಲ್ಲಿ ಇಟ್ಟಿರುವನು; ಬಿಳಿಯ ಬಣ್ಣಕ್ಕೆ ಹೆಸರುಗಳನ್ನು ಹೇಳುವಾಗ ಬೇರೊಂದು ವರ್ಗಕ್ಕೇ ಹೋಗಿರುವನು. ನಾವು ಪರೀಕ್ಷಿಸಬೇಕಾದುದೂ ಇದನ್ನೇ: ಈ ಶೀಶೆಯು ಕಾಂತಿಯನ್ನು ಕೊಡುವುದೋ, ಬಿಳುಪನ್ನು ಕೊಡುವುದೋ, ಎರಡನ್ನೂ ಕೊಡುವುದೋ, ಅಥವಾ ಯಾವುದನ್ನೂ ಕೊಡುವುದಿಲ್ಲವೋ?

ಸಿ ಜೀವಸತ್ತ್ವವು ಕಟ್ಟುಕತೆಯ ವಸ್ತುವಲ್ಲ. ಹಿಂದೆ ತಿಂಗಳುಗಟ್ಟಲೆ ಸಮುದ್ರಯಾನ ಮಾಡುತ್ತಿದ್ದ ನಾವಿಕರಿಗೆ ಒಸಡು ಕೊಳೆತು, ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟು, ಸಾವಿರಾರು ಜನರು ಸಾಯುತ್ತಿದ್ದರು. ೧೭೪೭ರಲ್ಲಿ ಸಾಲ್ಸ್‌ಬರಿ ಎಂಬ ಹಡಗಿನ ವೈದ್ಯನಾಗಿದ್ದ ಜೇಮ್ಸ್ ಲಿಂಡನು ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಉಪಚಾರವನ್ನು ನಡೆಸಿದನು. ಕಿತ್ತಳೆಯನ್ನೂ ನಿಂಬೆಯನ್ನೂ ತಿಂದ ಜೋಡಿಯು ಎಲ್ಲರಿಗಿಂತ ಬೇಗ ಎದ್ದು ನಿಂತಿತು. ಆ ಹಣ್ಣುಗಳೊಳಗಣ ಸತ್ತ್ವವನ್ನು ೧೯೨೮ರಲ್ಲಿ ಪ್ರತ್ಯೇಕಿಸಿದವರು ಹಂಗೆರಿ ದೇಶದ ಆಲ್ಬರ್ಟ್ ಸೆಂಟ್ ಗ್ಯೋರ್ಗಿ. ೧೯೩೭ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಬಂದಿತು. ಆ ಸತ್ತ್ವಕ್ಕೆ ಆಸ್ಕಾರ್ಬಿಕ್ ಆಮ್ಲವೆಂದು ಹೆಸರು. ನಾವಿಕರ ರೋಗಕ್ಕೆ ಲ್ಯಾಟಿನ್ನಿನಲ್ಲಿ ಸ್ಕಾರ್ಬ್ಯೂಟಸ್ ಎನ್ನುವರು. ಮೊದಲಲ್ಲಿ ಸೇರಿರುವ “ಅ”ಕಾರವು ನಮ್ಮ ಅಜ್ಞಾನ, ಅಧರ್ಮಗಳಲ್ಲಿ ಬರುವ ನಿಷೇಧದ ಅಕಾರಕ್ಕೆ ಅಣ್ಣನೋ ತಮ್ಮನೋ ಆಗಬೇಕು. ರೋಗವಿಲ್ಲದಂತೆ ಮಾಡತಕ್ಕ ಆಮ್ಲವೆಂದರ್ಥ.

ಹಸು, ಆಡು ಮುಂತಾದ ಪ್ರಾಣಿಗಳು ಈ ಸತ್ತ್ವವನ್ನು ತಮ್ಮ ದೇಹದಲ್ಲಿಯೇ ಮಾಡಿಕೊಳ್ಳುತ್ತವೆ. ಮನುಷ್ಯನಿಗೂ ಕೋತಿಗೂ ಆ ಭಾಗ್ಯವಿಲ್ಲ, ಆಹಾರದಿಂದಲೇ ಬರಬೇಕು. ಚರ್ಮಕ್ಕೆ ಬಿಗಿಯನ್ನು ಕೊಡುವ ಕೊಲ್ಯಾಜನ್ ಎಂಬ ನಾರು ಗಟ್ಟಿಯಾಗುವುದಕ್ಕೆ ಇದು ಬೇಕೇ ಬೇಕು. ಬಿಸಿಲು ತಗಲಿದಾಗ ಚರ್ಮದೊಳಗೆ ಹುಟ್ಟುವ ಉಪದ್ರವಕಾರಿಗಳಾದ ಕಣಗಳನ್ನು ಇದು ಶಮನಮಾಡುವುದು. ಇದಲ್ಲದೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವು ತಯಾರಾಗುವ ದಾರಿಯಲ್ಲಿ ಇದು ಅಡ್ಡಬಂದು, ಆ ಕೆಲಸವನ್ನು ಕೊಂಚ ಹಿಂದಕ್ಕೆ ತಳ್ಳುವುದೆಂದೂ ಕಂಡುಬಂದಿದೆ. ಸೀರಂ ಮಾರುವವರ ಮಾತೆಲ್ಲಕ್ಕೂ ಆಧಾರವು ಇಷ್ಟೆ, ಆಧಾರವು ಸುಳ್ಳಲ್ಲ.

ಹಾಗಾದರೆ ಹೊರಗಿನಿಂದ ಹಚ್ಚಿದುದು ಒಳಕ್ಕೆ ಇಳಿಯುವುದೇ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಶೆಲ್ಡನ್ ಪಿನೆಲ್ ಎಂಬ ಚರ್ಮವೈದ್ಯರೂ ಅವರ ಜೊತೆಗಾರರೂ ೨೦೦೧ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ವಿಷಯದಲ್ಲಿ ಮುಖ್ಯವಾದುದು. ಹಂದಿಯ ಚರ್ಮವು ಮನುಷ್ಯಚರ್ಮವನ್ನು ಹೋಲುವುದರಿಂದ ಅದರ ಮೇಲೆ ಹಚ್ಚಿ ನೋಡಿದರು. ದ್ರಾವಣದ ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಅಂಕವು ಮೂರೂವರೆಗಿಂತ ಕೆಳಗಿದ್ದಾಗ, ಎಂದರೆ ಚೆನ್ನಾಗಿ ಹುಳಿಯಾಗಿದ್ದಾಗ ಮಾತ್ರ, ಆಮ್ಲವು ಒಳಕ್ಕೆ ಇಳಿಯಿತು. ಪ್ರಮಾಣವು ಶೇಕಡಾ ಇಪ್ಪತ್ತರವರೆಗೆ ಏರಿದಂತೆ ಒಳಗೆ ಸೇರಿದುದೂ ಏರಿತು; ಅಲ್ಲಿಂದ ಮುಂದಕ್ಕೆ ಏರಲಿಲ್ಲ. ದಿನಕ್ಕೊಂದು ಬಾರಿಯಂತೆ ಮೂರು ದಿನ ಹಚ್ಚಿದಾಗ ಚರ್ಮವು ತುಂಬಿತು. ನಿಲ್ಲಿಸಿದ ಬಳಿಕ ಸುಮಾರು ನಾಲ್ಕು ದಿನಗಳಿಗೆ ಅದು ಅರ್ಧಕ್ಕೆ ಇಳಿಯಿತು. ಆದುದರಿಂದ ಶೇಕಡಾ ಮೂವತ್ತು ಎಂದು ಹೆಮ್ಮೆಯಿಂದ ಬರೆದಿರುವ ಶೀಶೆಯನ್ನು ಕಂಡು ಯಾರೂ ಮರುಳಾಗಬೇಕಾದುದಿಲ್ಲ. ಅಡಿಗೆಗೆ ಉಪ್ಪು ಹೆಚ್ಚಾದರೆ ರುಚಿ ಹೆಚ್ಚುವುದೇ?

ಇಲ್ಲಿ ಒಂದು ಮತಭೇದವನ್ನೂ ಹೇಳಬೇಕಾಗಿದೆ. ಶುದ್ಧವಾದ ಆಮ್ಲವು ಗಾಳಿ ಬೆಳಕುಗಳಿಗೆ ಬೇಗ ಕೆಡುವುದರಿಂದ, ಅದನ್ನು ಬೇರೆ ವಸ್ತುಗಳೊಡನೆ ಕಟ್ಟಿ, ಕೆಡದಂತೆ ಮಾಡಿ ಮಾರುವರು. ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಆಸ್ಕಾರ್ಬಿಲ್ ಗ್ಲೂಕೋಸೈಡ್, ಈಥೈಲ್ ಆಸ್ಕಾರ್ಬಿಕ್ ಆಸಿಡ್ ಎಂದು ಶೀಶೆಯ ಹಿಂಬದಿಯಲ್ಲಿ ಕಂಡರೆ ಅವು ಈ ಕಟ್ಟಿದ ಜಾತಿಯವು. ಪಿನೆಲರು ಪರೀಕ್ಷಿಸಿದ ಇಂತಹ ಕೆಲವು, ಚರ್ಮದೊಳಗಣ ಆಮ್ಲವನ್ನು ಹೆಚ್ಚಿಸಲಿಲ್ಲ. ಆದರೆ ಜಪಾನ್ ದೇಶದಲ್ಲಿ ಇದೇ ಜಾತಿಯ ಮೆಗ್ನೀಸಿಯಂ ಆಸ್ಕಾರ್ಬಿಲ್ ಫಾಸ್ಫೇಟನ್ನು ಶೇಕಡಾ ಹತ್ತರ ಪ್ರಮಾಣದಲ್ಲಿ ಮುಲಾಮಾಗಿ ಹಚ್ಚಿದವರು ಫಲವನ್ನು ಕಂಡರು. ಎರಡೂ ಕಡೆಯವರು ಪ್ರಾಮಾಣಿಕರೇ. ಒಬ್ಬರು ಹಂದಿಯ ಚರ್ಮದೊಳಗೆ ಅಳೆದರು, ಇನ್ನೊಬ್ಬರು ಮನುಷ್ಯರ ಮುಖದ ಮೇಲೆ ನೋಡಿದರು.

ಆ ಜಪಾನೀ ಪರೀಕ್ಷೆಯನ್ನು ವಾಚಕರು ಸ್ವಲ್ಪ ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ. ಅದು ೧೯೯೬ರಲ್ಲಿ ಪ್ರಕಟವಾಯಿತು. ಮುಖದ ಮೇಲೆ ಬಂಗು ಅಥವಾ ವಯಸ್ಸಿನ ಕಲೆಗಳಿದ್ದ ೩೪ ಜನರಿಗೆ ಮುಲಾಮನ್ನು ಹಚ್ಚಿಸಿದಾಗ ೧೯ ಜನರಲ್ಲಿ ಕಲೆಯು ಗಣನೀಯವಾಗಿ ತಿಳಿಯಾಯಿತು. ಯಾವ ಕಲೆಯೂ ಇಲ್ಲದ, ಸಹಜಚರ್ಮದ ೨೫ ಜನರಿಗೆ ಹಚ್ಚಿಸಿದಾಗ ಬಣ್ಣವು ತಿಳಿಯಾದುದು ೩ ಜನರಲ್ಲಿ ಮಾತ್ರ. ಕಲೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು, ಕಲೆಯಿಲ್ಲದವರಲ್ಲಿ ಎಂಟರಲ್ಲೊಬ್ಬರು. ನಮ್ಮ ಅಭಿಪ್ರಾಯದಲ್ಲಿ ಸೀರಂ ಕೊಳ್ಳಬೇಕೆಂದಿರುವ ಮನೆಯವರು ಈ ಎರಡು ಲೆಕ್ಕಗಳನ್ನು ತಿಳಿದರೆ ಉಳಿದುದನ್ನೆಲ್ಲ ಮರೆತರೂ ನಷ್ಟವಿಲ್ಲ. ಮೇಲೆ ಬಂದು ಕೂತ ಕಲೆಯನ್ನು ಇದು ಅರ್ಧಂಬರ್ಧ ತೊಡೆಯಬಲ್ಲುದು. ಹುಟ್ಟಿನಿಂದ ಬಂದ ಬಣ್ಣವನ್ನು ಮುಟ್ಟಲಾರದು.

ಕಾರಣವೂ ಸ್ಪಷ್ಟವಾಗಿಯೇ ಇದೆ. ಬಣ್ಣವನ್ನು ತಯಾರುಮಾಡುವ ಕೋಶಗಳು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಸುಮಾರಾಗಿ ಒಂದೇ ಸಂಖ್ಯೆಯಲ್ಲಿರುವುವು. ಅವು ಎಷ್ಟು ಬಣ್ಣವನ್ನು, ಯಾವ ಬಗೆಯದನ್ನು, ಎಷ್ಟು ದೊಡ್ಡ ಕಣಗಳಲ್ಲಿ ಕಟ್ಟಿ ಮೇಲಕ್ಕೆ ಕಳುಹಿಸಬೇಕೆಂಬುದು ತಂದೆತಾಯಿಗಳಿಂದ ಬಂದ ಕಟ್ಟಳೆ. ಬಿಸಿಲು, ಮೊಡವೆಯ ಗಾಯ, ಬಸುರಿನ ಕಾಲದ ದೇಹಸ್ಥಿತಿ, ಇವು ಆ ಕಟ್ಟಳೆಯ ಮೇಲೆ ಅಲ್ಲಲ್ಲಿ ಹೆಚ್ಚಿನ ಬಣ್ಣವನ್ನು ಸುರಿಸುವುವು. ಮೇಲುಚರ್ಮವು ಸುಮಾರು ಒಂದು ತಿಂಗಳಲ್ಲಿ ಹೊಸದಾಗುತ್ತ ಬರುವುದರಿಂದ, ಹೊಸ ಬಣ್ಣವು ಸುರಿಯುವುದನ್ನು ತಡೆದರೆ ಹಳೆಯ ಕಲೆಯು ಮೆಲ್ಲಮೆಲ್ಲನೆ ಸವೆಯುತ್ತದೆ. ಮೂರು ನಾಲ್ಕು ತಿಂಗಳು ಬೇಕೆಂದು ನಮ್ಮ ವೈದ್ಯಮಿತ್ರರು ಹೇಳುವುದು ಈ ಕಾರಣದಿಂದಲೇ; ಏಳು ದಿನ, ಹದಿನಾಲ್ಕು ದಿನ ಎಂಬ ಮಾತುಗಳಿಗೆ ಚರ್ಮದ ಪಂಚಾಂಗದಲ್ಲಿ ಸ್ಥಳವಿಲ್ಲ. ಮೆಕ್ಸಿಕೋ ದೇಶದಲ್ಲಿ ೨೦೦೪ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಬಂಗು ಇದ್ದ ೧೬ ಸ್ತ್ರೀಯರು ಮುಖದ ಒಂದು ಪಕ್ಕಕ್ಕೆ ಶೇಕಡಾ ೫ರ ಸಿ ಜೀವಸತ್ತ್ವವನ್ನೂ ಇನ್ನೊಂದು ಪಕ್ಕಕ್ಕೆ ಹೈಡ್ರೋಕ್ವಿನೋನ್ ಎಂಬ ತೀಕ್ಷ್ಣೌಷಧವನ್ನೂ ೧೬ ವಾರಗಳ ಕಾಲ ಹಚ್ಚಿಕೊಂಡರು. ಚೆನ್ನಾಗಿ ಗುಣವಾಯಿತೆಂದು ಎಣಿಸಿದುದು ಔಷಧದ ಪಕ್ಕದಲ್ಲಿ ಶೇಕಡಾ ೯೩, ಜೀವಸತ್ತ್ವದ ಪಕ್ಕದಲ್ಲಿ ಸುಮಾರು ೬೨. ಆದರೆ ಉರಿ ಮೊದಲಾದ ಉಪದ್ರವಗಳು ಔಷಧದ ಪಕ್ಕದಲ್ಲಿ ಸುಮಾರು ಶೇಕಡಾ ೬೯, ಜೀವಸತ್ತ್ವದ ಪಕ್ಕದಲ್ಲಿ ೬. ಹದಿನಾರು ಜನರೆಂಬುದು ಸಣ್ಣ ಸಂಖ್ಯೆಯೇ ಸರಿ. ಆದರೂ ಗುಣವು ಮಧ್ಯಮ, ದೋಷವು ಅಲ್ಪ ಎಂಬ ತೀರ್ಪಿಗೆ ಇದು ಸಾಕು.

ನಮ್ಮ ಪೂರ್ವಿಕರ ವೈದ್ಯದಲ್ಲಿ ಈ ವಿಚಾರವು ಹೇಗಿದೆಯೆಂದು ತಿಳಿಯಲು ಚರಕಸಂಹಿತೆಯನ್ನು ಮತ್ತೊಮ್ಮೆ ತೆಗೆದು ನೋಡಿದೆವು. ವರ್ಣ್ಯವೆಂಬ ಹೆಸರಿನಲ್ಲಿ ಅಲ್ಲಿ ಹತ್ತು ದ್ರವ್ಯಗಳ ಒಂದು ಗಣವಿದೆ. ಚಂದನ, ಲಾವಂಚ, ಅತಿಮಧುರ, ಮಂಜಿಷ್ಠ, ಸೊಗದೆ ಮುಂತಾದುವು ಅದರಲ್ಲಿ ಸೇರಿರುವುವು. ಸಿ ಜೀವಸತ್ತ್ವಕ್ಕೆ ಹೆಸರಾದ ನೆಲ್ಲಿಯು ಮಾತ್ರ ಅಲ್ಲಿಲ್ಲ. ಅದು ವಯಸ್ಸನ್ನು ನಿಲ್ಲಿಸತಕ್ಕವುಗಳ ಗಣದಲ್ಲಿ ಧಾತ್ರಿಯೆಂಬ ಹೆಸರಿನಿಂದ ಕೂತಿದೆ. ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯು ಇಂದ್ರಿಯಸ್ಥಾನದಲ್ಲಿ ಬರುವುದು. ರೋಗಿಯ ಆಯುಸ್ಸನ್ನು ಪರೀಕ್ಷಿಸುವ ವೈದ್ಯನು ಮೊದಲು ಪ್ರಕೃತಿವರ್ಣ ಯಾವುದು, ವಿಕೃತಿವರ್ಣ ಯಾವುದು ಎಂದು ತಿಳಿಯಬೇಕೆಂದು ಹೇಳಿ, ಶರೀರದ ಪ್ರಕೃತಿವರ್ಣಗಳನ್ನು ಎಣಿಸುವಾಗ ಚರಕನು ಮೊದಲಿಗೆ ಹೇಳುವುದು ಕೃಷ್ಣವನ್ನು, ಆಮೇಲೆ ಶ್ಯಾಮ, ಅವದಾತವು ಕಡೆಯಲ್ಲಿ ಬರುವುದು. ಕಪ್ಪು ಪ್ರಕೃತಿಯೇ ಹೊರತು ವಿಕಾರವಲ್ಲ. ಮುಖದ ಮೇಲೆ ಹೊಸದಾಗಿ ಬಂದು ಕೂರುವ ಕಪ್ಪುಮಂಡಲಕ್ಕೆ ಮಾತ್ರ ವ್ಯಂಗವೆಂಬ ಬೇರೆ ಹೆಸರಿಟ್ಟು, ಅದನ್ನು ಕ್ಷುದ್ರರೋಗಗಳಲ್ಲಿ ಸೇರಿಸಿರುವರು. ನಮ್ಮ ಮನೆಮಾತಿನಲ್ಲಿ ಬಂಗು ಎನ್ನುವುದು ಅದನ್ನೇ. ಜಪಾನಿನವರ ಮೂವತ್ತನಾಲ್ಕೂ ಇಪ್ಪತ್ತೈದೂ ಈ ಎರಡು ಪಂಕ್ತಿಗಳೇ ಎಂದು ನಮಗೆ ತೋರಿತು.

ಈ ಭೇದವು ತಿಳಿಯದೆ ಹೋದರೆ ಏನಾಗುವುದೆಂಬುದನ್ನು ನಮ್ಮ ಬೀದಿಯಲ್ಲಿಯೇ ಕಂಡೆವು. ಒಬ್ಬ ತಾಯಿ, ಸುಶೀಲರಾದ ಗೃಹಿಣಿ, ಎರಡು ಶೀಶೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, “ಮೇಷ್ಟ್ರೇ, ಬರುವ ಹತ್ತನೇ ತಾರೀಕು ಹುಡುಗನ ಕಡೆಯವರು ನೋಡುವುದಕ್ಕೆ ಬರುತ್ತಾರೆ. ಅಷ್ಟರೊಳಗೆ ಮಗುವಿನ ಬಣ್ಣ ಒಂದು ಸ್ವಲ್ಪವಾದರೂ ತಿಳಿಯಾದೀತೇ? ಇಂಗ್ಲಿಷಿನಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ” ಎಂದರು. ಶೀಶೆಗಳಿಗೆ ಸಾವಿರದ ಇನ್ನೂರು ರೂಪಾಯಿ ಕೊಟ್ಟಿದ್ದರಂತೆ. ಅಷ್ಟಕ್ಕೆ ನಿಲ್ಲದೆ, ಬೇಗ ಫಲವಾಗಲೆಂದು ಬೆಳಗ್ಗೆ ಸಂಜೆ ಸೀರಂ, ಅದರ ಮೇಲೆ ನಿಂಬೆಹಣ್ಣಿನ ಹೋಳಿನಿಂದ ಉಜ್ಜುವುದು, ಹೀಗೆ ಒಂಬತ್ತು ದಿನ ನಡೆಸಿದ್ದರು. ಹಿಂದೆ ನಿಂತಿದ್ದ ಹುಡುಗಿಯ ಕೆನ್ನೆಗಳು ಉರಿದು ಕೆಂಪಾಗಿ, ಮೂಗಿನ ಪಕ್ಕದಲ್ಲಿ ಸಿಪ್ಪೆಯೆದ್ದಿದ್ದುವು. ಆಕೆ ಪದವೀಧರೆ, ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತವನ್ನು ಹೇಳುತ್ತಿರುವಳು, ಎಣ್ಣೆಗಪ್ಪು ಬಣ್ಣದ, ಲಕ್ಷಣವಾದ ಮುಖ. ಅವಳ ಮುಖದಲ್ಲಿ ಬಂಗೂ ಇರಲಿಲ್ಲ, ಕಲೆಯೂ ಇರಲಿಲ್ಲ. ಇಪ್ಪತ್ತೈದರ ಪಂಕ್ತಿಯವಳು.

ನಮ್ಮಂತಹ ಶ್ಯಾಮವರ್ಣದ ಚರ್ಮಕ್ಕೆ ಉರಿಯಾದಾಗ ಅದು ಆರುವಾಗ ಕಪ್ಪು ಕಲೆಯನ್ನು ಬಿಟ್ಟುಹೋಗುವುದು ಸಾಮಾನ್ಯ. ಬಣ್ಣವನ್ನು ತಿಳಿಮಾಡಲು ಹೊರಟು ಕಲೆಯನ್ನು ಸಂಪಾದಿಸುವ ವಿಪರೀತವು ಹೀಗೆ. “ಅಮ್ಮಾ, ಇದನ್ನೆಲ್ಲ ಇಂದಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ” ಎಂದು ಹೇಳಿ, ಚೀಟಿಯ ಅರ್ಥವನ್ನು ಬಿಡಿಸಿ ತಿಳಿಸಿದೆವು. ಆಗ ಹುಡುಗಿಯು, “ಮೇಷ್ಟ್ರೇ, ನನ್ನ ಮುಖಕ್ಕೆ ಏನಾಗಿದೆಯೆಂದು ಇದನ್ನು ಹಚ್ಚುತ್ತಿದ್ದಾರೆ, ಅದನ್ನು ಅಮ್ಮನಿಗೆ ಕೇಳಿ” ಎಂದಳು. ತಾಯಿಯು ಉತ್ತರ ಹೇಳಲಿಲ್ಲ. ನಾವು ಚರಕನ ಆ ಭಾಗವನ್ನು ತೆಗೆದು ಕನ್ನಡದಲ್ಲಿ ಅರ್ಥ ಹೇಳಿದೆವು. ತಾಯಿಯು ಕೇಳಿಕೊಂಡು, “ಚರಕ ಹೇಳಿದರೆ ಆಯಿತೇ, ಹುಡುಗನ ತಾಯಿ ಹೇಳಬೇಕಲ್ಲ” ಎಂದರು. ಆ ಮಾತಿಗೆ ಉತ್ತರವು ನಮ್ಮಲ್ಲಿಯೂ ಇರಲಿಲ್ಲ. ವೈದ್ಯರ ಮುಲಾಮಿನಿಂದ ಉರಿಯು ನಾಲ್ಕು ದಿನದಲ್ಲಿ ಇಳಿಯಿತು. ಉರಿಯು ಬಿಟ್ಟ ಕಪ್ಪು ಹೋಗಲು ಎರಡು ತಿಂಗಳು ಹಿಡಿಯಿತು. ಹತ್ತನೆಯ ತಾರೀಕು ಮಧ್ಯದಲ್ಲಿಯೇ ಬಂದು ಹೋಯಿತು.

ನಿಂಬೆಹಣ್ಣಿನ ಮಾತು ಬಂದುದರಿಂದ ಅದರ ಲೆಕ್ಕವನ್ನೂ ಹೇಳಿಬಿಡುವೆವು. ಏತಕ್ಕೆಂದರೆ, ಅಂಗಡಿಯ ಶೀಶೆಗಿಂತ ಮನೆಯ ನಿಂಬೆಯೇ ಮೇಲೆಂಬ ನಂಬಿಕೆಯು ಬಲವಾಗಿದೆ. ನೂರು ಗ್ರಾಂ ನಿಂಬೆರಸದಲ್ಲಿ ಸಿ ಜೀವಸತ್ತ್ವವಿರುವುದು ಹೆಚ್ಚೆಂದರೆ ಐವತ್ತು ಮಿಲಿಗ್ರಾಂ. ಶೇಕಡಾ ಹತ್ತರ ಸೀರಮಿನಲ್ಲಿ ಅಷ್ಟೇ ತೂಕಕ್ಕೆ ಹತ್ತು ಸಾವಿರ ಮಿಲಿಗ್ರಾಂ. ಇನ್ನೂರರಲ್ಲಿ ಒಂದು ಪಾಲು! ಉಳಿದ ಹುಳಿಯೆಲ್ಲ ಸಿಟ್ರಿಕ್ ಆಮ್ಲ. ಅದು ಸುಡುವುದಕ್ಕೆ ಸಾಕು. ಇದಲ್ಲದೆ ನಿಂಬೆಯ ಸಿಪ್ಪೆಯಲ್ಲಿಯೂ ರಸದಲ್ಲಿಯೂ ಇರುವ ಕೆಲವು ವಸ್ತುಗಳು ಬಿಸಿಲಿನೊಡನೆ ಕೂಡಿ ಚರ್ಮದ ಮೇಲೆ ಬೊಕ್ಕೆಯನ್ನೂ ಬಹುದಿನ ನಿಲ್ಲುವ ಕಲೆಯನ್ನೂ ಎಬ್ಬಿಸಬಲ್ಲುವು. ನಿಂಬೆಯನ್ನು ಚಿತ್ರಾನ್ನಕ್ಕೆ ಹಿಂಡತಕ್ಕದ್ದು. ಆಮ್ಲದ ಪುಡಿಯನ್ನು ತಂದು ನೀರಿನಲ್ಲಿ ಕಲಸಿ ಮನೆಯಲ್ಲಿಯೇ ಸೀರಂ ಮಾಡುವೆವೆನ್ನುವವರೂ ಉಂಟು. ಹುಳಿಯ ಅಳತೆಯು ತಿಳಿಯದೆ ಮಾಡಿದ ಆ ದ್ರಾವಣವು ಒಂದು ದಿನ ಕೆಲಸಕ್ಕೆ ಬಾರದು, ಇನ್ನೊಂದು ದಿನ ಮುಖವನ್ನು ಸುಟ್ಟೀತು.

ಹಾಗಾದರೆ ಮುಖದ ಮೇಲೆ ನಿಜವಾಗಿಯೂ ಮೊಡವೆಯ ಕಲೆಯೋ, ಬಿಸಿಲಿನ ಮಂಕೋ, ಬಂಗೋ ಇರತಕ್ಕವರು ಏನು ನೋಡಿ ಕೊಳ್ಳಬೇಕು? ಶೀಶೆಯ ಮುಂಬದಿಯ ಕಿತ್ತಳೆಹಣ್ಣಿನ ಚಿತ್ರವನ್ನು ಬಿಟ್ಟು ಹಿಂಬದಿಯನ್ನು ತಿರುಗಿಸಿ ಓದಬೇಕು. ಸೇರಿಸಿದ ವಸ್ತುಗಳ ಪಟ್ಟಿಯಲ್ಲಿ ಆಸ್ಕಾರ್ಬಿಕ್ ಎಂಬ ಶಬ್ದವೋ ಆಸ್ಕಾರ್ಬಿಲ್ ಎಂಬ ಶಬ್ದವೋ ಮೊದಲ ಕೆಲವು ಹೆಸರುಗಳಲ್ಲಿ ಇರಬೇಕು; ಕಿತ್ತಳೆಯ ರಸ, ನಿಂಬೆಯ ರಸ ಎಂದಿಷ್ಟೇ ಇದ್ದರೆ ಅದು ಸುವಾಸನೆಯ ಮಾತು. ಪ್ರಮಾಣವು ಅಂಕೆಯಲ್ಲಿ ಬರೆದಿರಬೇಕು. ಮೊದಲಬಾರಿಗೆ ಶೇಕಡಾ ಹತ್ತು ಸಾಕು, ಸೂಕ್ಷ್ಮಚರ್ಮದವರಿಗೆ ಐದೂ ಆದೀತು. ಡ್ಯೂಕಿನವರೇ ೨೦೦೫ರಲ್ಲಿ ಶೇಕಡಾ ೧೫ ಸಿ ಜೀವಸತ್ತ್ವಕ್ಕೆ ೧ ಪಾಲು ಈ ಜೀವಸತ್ತ್ವವನ್ನೂ ಅರ್ಧಪಾಲು ಫೆರೂಲಿಕ್ ಆಮ್ಲವನ್ನೂ ಕೂಡಿಸಿದರೆ ದ್ರಾವಣವು ಹೆಚ್ಚುಕಾಲ ನಿಲ್ಲುವುದೆಂದೂ ಬಿಸಿಲಿನಿಂದ ಕೊಡುವ ರಕ್ಷೆಯು ಇಮ್ಮಡಿಯಾಗುವುದೆಂದೂ ತೋರಿಸಿದರು. ಆ ಹೆಸರುಗಳು ಚೀಟಿಯಲ್ಲಿದ್ದರೆ ಒಳ್ಳೆಯ ಲಕ್ಷಣ. ಶೀಶೆಯು ಕಪ್ಪು ಗಾಜಿನದೋ ಬೆಳಕು ಹೋಗದಂತಹುದೋ ಆಗಿರಬೇಕು. ಶುದ್ಧ ಆಮ್ಲದ ದ್ರಾವಣವು ನೀರಿನಂತೆಯೋ ಒಣಹುಲ್ಲಿನ ತಿಳಿಹಳದಿಯಂತೆಯೋ ಇರುವುದು. ಕಷಾಯದಂತೆ ಕಂದಾಗಿದ್ದರೆ ಒಳಗಿನ ಸತ್ತ್ವವು ಗಾಳಿಗೆ ಬಲಿಯಾಗಿ ಹೋಗಿದೆ. ಕೆಲವರು ಮೊದಲೇ ಬಣ್ಣ ಹಾಕಿ ಮಾರುವರು; ಅಂತಹದನ್ನು ನಾವಾದರೆ ಕೊಳ್ಳಲಾರೆವು, ಕೆಟ್ಟುದನ್ನು ಕಂಡುಹಿಡಿಯುವ ಒಂದೇ ಕುರುಹನ್ನು ಅಳಿಸಿದಂತಾಯಿತು.

ಬೆಲೆಯ ವಿಚಾರ. ಮೂವತ್ತು ಮಿಲಿಲೀಟರಿನ ಶೇಕಡಾ ಹತ್ತರ ಶೀಶೆಯಲ್ಲಿ ಸಿ ಜೀವಸತ್ತ್ವವಿರುವುದು ಸುಮಾರು ಮೂರು ಗ್ರಾಂ, ಎಂದರೆ ಒಂದು ಸಣ್ಣ ಚಮಚೆಯಷ್ಟೂ ಇಲ್ಲ. ನಾವು ಹಣ ಕೊಡುವುದು ಜೀವಸತ್ತ್ವಕ್ಕಲ್ಲ, ಅದನ್ನು ಕೆಡದಂತೆ ಕಾಪಾಡಿಕೊಟ್ಟ ಜಾಣ್ಮೆಗೆ, ಮಿಕ್ಕುದು ಜಾಹೀರಾತಿಗೆ. ಆದಕಾರಣ ಕೆಲವು ನೂರು ರೂಪಾಯಿಯದು ಕೆಟ್ಟುದೆಂದೂ ಕೆಲವು ಸಾವಿರದ್ದು ಒಳ್ಳೆಯದೆಂದೂ ಹೇಳುವಂತಿಲ್ಲ. ಇನ್ನೊಂದು ಸಣ್ಣ ಗಣಿತ: ದಿನಕ್ಕೆ ಐದು ಹನಿಯಂತೆ ಹಚ್ಚಿದರೆ ಆ ಶೀಶೆಯು ನಾಲ್ಕು ತಿಂಗಳು ಬರುವುದು, ಆದರೆ ಬಾಯಿ ತೆರೆದ ಶುದ್ಧ ಆಮ್ಲವನ್ನು ಮೂರು ತಿಂಗಳೊಳಗೆ ಮುಗಿಸಬೇಕೆಂದು ವೈದ್ಯರು ಹೇಳುವರು. ನಮ್ಮ ಬೇಸಗೆಯಲ್ಲಿ ಅಷ್ಟೂ ಬಾಳುವುದು ಕಷ್ಟ. ಸಿಕ್ಕಿದರೆ ಹದಿನೈದು ಮಿಲಿಲೀಟರಿನದನ್ನೇ ತರುವುದು ಜಾಣತನ.

ಹಚ್ಚುವ ಕ್ರಮವು ಕಷ್ಟವಾದುದಲ್ಲ. ಮುಖಕ್ಕೆ ಹಚ್ಚುವ ಮೊದಲು ಕಿವಿಯ ಹಿಂದಕ್ಕೋ ಮೊಣಕೈಯ ಒಳಮಗ್ಗುಲಿಗೋ ಎರಡು ಮೂರು ದಿನ ಹಚ್ಚಿ ನೋಡತಕ್ಕದ್ದು. ಬೆಳಗ್ಗೆ ಮುಖ ತೊಳೆದು, ಒರಸಿ, ಚೆನ್ನಾಗಿ ಆರಿದ ಮೇಲೆ ನಾಲ್ಕೈದು ಹನಿ. ಚುರುಗುಟ್ಟಿದರೆ ದಿನ ಬಿಟ್ಟು ದಿನ, ಉರಿದರೆ ನಿಲ್ಲಿಸುವುದು. ಅದರ ಮೇಲೆ ಬಿಸಿಲಿನ ತಡೆಯ ಲೇಪ, ಎಂದರೆ ಸನ್‌ಸ್ಕ್ರೀನ್, ತಪ್ಪದೆ ಬೇಕು. ಒಂದು ಕೈಯಿಂದ ಕಲೆಯನ್ನು ಒರಸುತ್ತ ಇನ್ನೊಂದು ಕೈಯಿಂದ ಬಿಸಿಲಿನಲ್ಲಿ ಹೊಸ ಕಲೆಯನ್ನು ಬರೆಯುತ್ತಿದ್ದರೆ ಏನು ಫಲ? ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಸನ್‌ಸ್ಕ್ರೀನನ್ನು ಕೊಳ್ಳಿ ಎಂದು ವೈದ್ಯಮಿತ್ರರು ಎರಡು ಬಾರಿ ಹೇಳಿದರು. ಅದಕ್ಕೂ ಹಣವಿಲ್ಲದವರಿಗೆ ನಾವು ಕೊಡೆಯನ್ನು ಹೇಳುವೆವು. ಹೆಂಗಸರು ಮಳೆಗೆ ಮಾತ್ರ ಕೊಡೆ ಹಿಡಿಯಬೇಕೆಂಬ ಈಗಿನ ನಾಚಿಕೆಯು ನಮಗೆ ಅರ್ಥವಾಗದು. ನಮ್ಮ ಬಾಲ್ಯದಲ್ಲಿ ಪೇಟೆಗೆ ಹೊರಟ ಮುತ್ತೈದೆಯರ ಕೈಯಲ್ಲಿ ವೈಶಾಖದಲ್ಲಿಯೂ ಕರಿಯ ಕೊಡೆಯಿರುತ್ತಿತ್ತು. ಬಸುರಿನಲ್ಲಿ ಬಂದ ಬಂಗಿಗೆ ಆತುರಪಡಬೇಕಾದುದಿಲ್ಲ. ಎಷ್ಟೋ ಜನರಿಗೆ ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ಅದು ತಾನಾಗಿಯೇ ತಿಳಿಯಾಗುವುದು.

ಒಳಗಿನಿಂದ ಸೇರತಕ್ಕ ಸತ್ತ್ವವನ್ನೂ ಮರೆಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೨೦ರಲ್ಲಿ ಗೊತ್ತುಮಾಡಿದಂತೆ ಗಂಡಸಿಗೆ ದಿನಕ್ಕೆ ೮೦ ಮಿಲಿಗ್ರಾಂ, ಹೆಂಗಸಿಗೆ ೬೫. ಒಂದು ನೂರು ಗ್ರಾಂ ತೂಕದ ಸೀಬೆಹಣ್ಣಿನಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಇರುವುದು. ಅಂಗಳದಲ್ಲಿ ಸೀಬೆಯ ಗಿಡವಿರುವ ಮನೆಯವರು ಮಾತ್ರೆಗಳನ್ನು ನುಂಗುವುದನ್ನು ಕಂಡರೆ ನಮಗೆ ಸೋಜಿಗವಾಗುವುದು.

ಈ ಸೀರಮಿನಿಂದ ಆಗುವ ಕೆಡುಕು ಹೆಚ್ಚೆಂದರೆ ಉರಿ, ಕಲೆ, ಹಣದ ನಷ್ಟ. ಆದರೆ ಇದು ಬಿಳುಪು ಕೊಡಲಿಲ್ಲವೆಂದು ಬೇಸತ್ತವರು ಮುಂದೆ ಹೋಗಿ ಕೈಯಿಕ್ಕುವ ಪದಾರ್ಥಗಳು ಹಾಗಲ್ಲ. ವಾರದಲ್ಲಿ ಬಿಳುಪು ಮಾಡುವ, ತಯಾರಕರ ಹೆಸರಿಲ್ಲದ ಡಬ್ಬಿಗಳಲ್ಲಿ ಪಾದರಸವಿರುವುದುಂಟು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಬಿಳುಪುಲೇಪಗಳನ್ನು ಹಚ್ಚಿಕೊಂಡವರಿಗೆ ಮೂತ್ರಪಿಂಡದ ರೋಗವು ಬಂದುದನ್ನು ಅಲ್ಲಿಯ ವೈದ್ಯರು ೨೦೨೩ರಲ್ಲಿ ಬೆಳಕಿಗೆ ತಂದರು. ಇನ್ನು ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದು. ಮೊದಲ ತಿಂಗಳು ಮುಖವು ಹೊಳೆದು, ಆಮೇಲೆ ಚರ್ಮವು ತೆಳ್ಳಗಾಗಿ, ಕೆಂಪುನರಗಳೂ ಮೊಡವೆಗಳೂ ಎದ್ದು, ಬಿಟ್ಟರೆ ಬೆಂಕಿಯಂತೆ ಉರಿಯುವುದು. ಇಂತಹ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರಕಾರವು ೨೦೧೮ರಲ್ಲಿ ನಿಯಮ ಮಾಡಿದೆ. ಗೆಳತಿಯು ಕೊಟ್ಟಳೆಂದು ತಂದ ಮುಲಾಮಿನ ಡಬ್ಬಿಯು ಮನೆಯಲ್ಲಿದ್ದರೆ ಅದನ್ನು ಒಮ್ಮೆ ವೈದ್ಯರಿಗೆ ತೋರಿಸತಕ್ಕದ್ದು.

ಕಡೆಯದಾಗಿ ಆ ಗೃಹಸ್ಥರ ಪ್ರಶ್ನೆ. ಮಗಳು ಅರ್ಧ ಉಪಯೋಗಿಸಿ ಬಿಟ್ಟ ಶೀಶೆಯು ಕಂದುಬಣ್ಣಕ್ಕೆ ತಿರುಗಿದೆಯೆಂದೂ, ಏಳುನೂರು ರೂಪಾಯಿ ಕೊಟ್ಟುದನ್ನು ಚೆಲ್ಲಲು ಮನಸ್ಸು ಬಾರದೆ ತಾವು ಅದನ್ನು ಹಿಮ್ಮಡಿಯ ಬಿರುಕಿಗೆ ಹಚ್ಚಬಹುದೇ ಎಂದೂ ಅವರು ಕೇಳಿರುವರು. ಹಚ್ಚಬಾರದು. ಹುಳಿಯು ಬಿರುಕಿನಲ್ಲಿ ಉರಿಯುವುದು. ಕಂದಾದ ದ್ರಾವಣವು ಉಗುರಿನ ಅಂಚಿಗೂ ಹಾಸಿಗೆಯ ಬಟ್ಟೆಗೂ ಕಲೆಯಾಗುವುದು. ಬಚ್ಚಲಿಗೆ ಚೆಲ್ಲಿ, ಶೀಶೆಯನ್ನು ಚೆನ್ನಾಗಿ ತೊಳೆದರೆ, ಅದರ ಹನಿಗೊಳವೆಯು ದೇವರ ದೀಪಕ್ಕೆ ಎಣ್ಣೆ ಬಿಡುವುದಕ್ಕೆ ಬಹಳ ಅನುಕೂಲವಾಗಿರುವುದು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸಾಕು.